ನೂರನೆಯ ಓದಿನ ಗಡುವು

2025ರ ಅಕ್ಟೋಬರ್ 12, ಭಾನುವಾರ, ಬೆಳಿಗ್ಗೆ 9 ಗಂಟೆ 40 ನಿಮಿಷ. ನನ್ನ ನೋಟುಬುಕ್ಕಿನಲ್ಲಿ ನೂರನೆಯ ಓದಿನ ಮುಂದೆ ಈ ವೇಳೆಯನ್ನು ಬರೆದಿದ್ದೇನೆ. ಅಕ್ಷರಗಳು ದುಂಡಗಿವೆ, ಎಲ್ಲಿಯೂ ಹೊಡೆದು ತಿದ್ದಿಲ್ಲ. ಬರೆಯುವಾಗ ಕೈ ಒಂದಿಷ್ಟಾದರೂ ತಡವರಿಸಿದ್ದರೆ ಚೆನ್ನಾಗಿತ್ತು ಎಂದು ಈಗ ಅನಿಸುತ್ತದೆ.

ನಾನು ಇಚಲಕರಂಜಿಯ ಒಂದು ನೂಲು ಪರೀಕ್ಷೆಯ ಲ್ಯಾಬಿನಲ್ಲಿ ಕೆಲಸ ಮಾಡುತ್ತೇನೆ. ತವರು ಗಡಹಿಂಗ್ಲಜ. ಕೊಲ್ಹಾಪುರದಲ್ಲಿ ಭೌತಶಾಸ್ತ್ರದ ಎಂ.ಎಸ್ಸಿ. ಮುಗಿಸಿ, ಮದುವೆಯಾಗಿ ಇಲ್ಲಿಗೆ ಬಂದವಳು. ಟ್ಯಾರೋ ಕಾರ್ಡುಗಳು ನನ್ನ ಕೈಗೆ ಬಂದದ್ದು ಗೆಳತಿಯೊಬ್ಬಳ ಉಡುಗೊರೆಯಾಗಿ. ಎಪ್ಪತ್ತೆಂಟು ಚಿತ್ರಗಳು. ಎದುರಿಗೆ ಕುಳಿತವರ ಪ್ರಶ್ನೆ ಕೇಳಿ, ಮೂರನ್ನು ತೆಗೆದು, ಚಿತ್ರ ನೋಡಿ ಮಾತಾಡುವುದು. ಇದು ಸುಳ್ಳೆಂದು ತೋರಿಸಬೇಕು ಎಂದೇ ಮೊದಲು ಲೆಕ್ಕ ಬರೆಯಲು ಶುರುಮಾಡಿದೆ. ಆದರೆ ಮೂರು ಕಾರ್ಡಿನ ಮುಂದೆ ಕುಳಿತ ಜನ ಗಂಡನಿಗೂ ಹೇಳದ ಮಾತನ್ನು ನನಗೆ ಹೇಳತೊಡಗಿದರು. ಹತ್ತು ವರ್ಷ ಬರೀ ನೂಲಿನ ಜೊತೆ ಕಳೆದವಳಿಗೆ ಅದು ಹಿಡಿಸಿತು. ಏಳು ತಿಂಗಳು ಭಾನುವಾರ ಭಾನುವಾರ ಕೊಲ್ಹಾಪುರದ ರಾಜಾರಾಮಪುರಿಗೆ ಹೋಗಿ ವಂದನಾ ಮೇಡಂ ಹತ್ತಿರ ಕಲಿತೆ.

ಮೇಡಂ ನಿಪ್ಪಾಣಿಯವರು, ನನ್ನೊಡನೆ ಕನ್ನಡದಲ್ಲೇ ಮಾತಾಡುತ್ತಿದ್ದರು. ಕೊನೆಯ ಕ್ಲಾಸಿನ ದಿನ ಕೇಳಿದೆ.

“ಮೇಡಂ, ಇದನ್ನ ಧಂಧೆ ಅಂತ ಮಾಡಾಕ ನಾ ತಯಾರ ಆಗೇನಿ ಅಂತ ಹೆಂಗ ತಿಳೀತೈತ್ರಿ?”

“ಎದುರಿಗೆ ಕುಂತಾಕಿಗೆ ಆ ಓದು ಬೇಕಾಗಿರ್ತೈತಿ. ನಿನಗ ಬೇಕಾಗಿರಬಾರದು. ಅಂಥಾ ದಿನ ಬರ್ತೈತಿ, ಬಂದಾಗ ಶುರು ಮಾಡು” ಅಂದರು.

ಅದನ್ನೂ ಬರೆದುಕೊಂಡೆ. ಆದರೆ ಅಳೆಯಲು ಬಾರದ ಮಾತು ಎಂದು ಬದಿಗಿಟ್ಟು ನನ್ನದೇ ನಿಯಮ ಮಾಡಿಕೊಂಡೆ. ನೂರು ಓದು, ದುಡ್ಡಿಲ್ಲದೆ. ಅದರಲ್ಲಿ ಎಪ್ಪತ್ತು ನಿಜವಾಗಬೇಕು. ನೋಟುಬುಕ್ಕಿನಲ್ಲಿ ಎಂಟು ಕಾಲಂ ಎಳೆದೆ: ಕ್ರಮಸಂಖ್ಯೆ, ತಾರೀಖು, ವೇಳೆ, ಪ್ರಶ್ನೆ, ಬಂದ ಕಾರ್ಡುಗಳು, ನಾನು ಹೇಳಿದ್ದು, ಗಡುವು, ಸರಿ ಅಥವಾ ತಪ್ಪು. ಏಳನೆಯ ಕಾಲಂ ಬಗ್ಗೆ ನನಗೆ ಹೆಮ್ಮೆಯಿತ್ತು. ‘ಒಳ್ಳೆಯದಾಗುತ್ತದೆ’ ಎಂದು ಯಾರು ಬೇಕಾದರೂ ಹೇಳುತ್ತಾರೆ. ಇಷ್ಟು ದಿನದೊಳಗೆ ಇಂಥದ್ದಾಗುತ್ತದೆ ಎಂದು ಹೇಳಿದರೆ ಮಾತ್ರ ಅದು ಪರೀಕ್ಷೆಗೆ ನಿಲ್ಲುತ್ತದೆ. ಗಡುವಿಲ್ಲದ ಓದನ್ನು ನಾನು ಎಣಿಸುತ್ತಲೇ ಇರಲಿಲ್ಲ.

ನನ್ನ ಗಂಡ ನಿಖಿಲನಿಗೆ ಇದೊಂದು ತಮಾಷೆ. “ಲ್ಯಾಬಿನ್ಯಾಗ ದಾರ ಹರೀತಿ, ಮನ್ಯಾಗ ಮಂದಿ ತಲಿ ಹರೀತಿ” ಅನ್ನುತ್ತಿದ್ದ. ಆದರೂ ನನ್ನ ಹೆಸರಿನ ಟ್ಯಾರೋ ಬೋರ್ಡು ಬರೆಸಿ ತಂದವನು ಅವನೇ. ದೀಪಾವಳಿಯ ಪಾಡ್ಯದ ದಿನ ಅದನ್ನು ಗೇಟಿಗೆ ಹಾಕುವುದೆಂದು ನಿಶ್ಚಯವಾಗಿತ್ತು. ಅಕ್ಟೋಬರ್ 12ರ ಹೊತ್ತಿಗೆ ತೊಂಬತ್ತೊಂಬತ್ತು ಓದು ಮುಗಿದು, ಎಲ್ಲದರ ಗಡುವೂ ದಾಟಿ, ಎಪ್ಪತ್ತು ಸರಿ ಬಂದಿದ್ದವು. ಅಂದರೆ ನೂರನೆಯದು ತಪ್ಪಾದರೂ ನನಗೆ ನಷ್ಟವಿರಲಿಲ್ಲ. ಒಂದು ಪೂರ್ತಿ ಸಾಲು ತುಂಬಿದರೆ ಸಾಕಿತ್ತು.

ಆ ಬೆಳಿಗ್ಗೆ ಗೇಟಿನ ಹತ್ತಿರ ದನಿ ಕೇಳಿತು. “ನೂತಿ, ಅದಿ ಏನವಾ ಮನ್ಯಾಗ?”

ನೂತನ ಎಂಬ ನನ್ನ ಹೆಸರನ್ನು ಹಾಗೆ ಕರೆಯುವವಳು ಒಬ್ಬಳೇ, ರತ್ನಮಾಲಾ ಮಾವಶಿ. ಗಡಹಿಂಗ್ಲಜದಲ್ಲಿ ನಮ್ಮ ಪಕ್ಕದ ಮನೆಯವಳು, ಅವ್ವನ ಜೀವದ ಗೆಳತಿ, ಅದಕ್ಕೇ ನನಗೆ ಮಾವಶಿ, ಅಂದರೆ ಚಿಕ್ಕಮ್ಮ. ಅರವತ್ತರ ಹತ್ತಿರದ ವಯಸ್ಸು. ಅವಳ ತವರು ಇಲ್ಲೇ ಕೊರೋಚಿ. ನಾನು ಗಡಹಿಂಗ್ಲಜದಿಂದ ಈ ಕಡೆ ಬಂದೆ, ಅವಳು ಈ ಕಡೆಯಿಂದ ಅಲ್ಲಿಗೆ ಹೋದಳು. ಆ ದಿನ ಹಸಿರು ಇಳಕಲ್ ಸೀರೆ ಉಟ್ಟು, ಎರಡು ಬಸ್ಸು ಬದಲಿಸಿ ಬಂದಿದ್ದಳು. ಕಂಕುಳಲ್ಲಿ ಬಟ್ಟೆಯ ಚೀಲ.

“ಬರ್ರಿ ಮಾವಶಿ” ಎಂದ ನಿಖಿಲ. “ಇವತ್ತ ನೂರನೇ ಗಿರಾಕಿ ಬರೂದಿತ್ತು, ನೀವ ಬಂದ್ರಿ. ಹಾರ ಹಾಕ್ಬೇಕ ನಿಮಗ.”

“ಹಾರ ಯಾಕೋ? ನಾ ಏನ ಮಂತ್ರಿ ಅದೀನೇನ? ಒಂದ ತಂಬಿಗಿ ನೀರ ಕೊಡು. ಕಾಸಿದ್ದು.”

ಮಾವಶಿ ಜೈನರವಳು, ಕಾಯಿಸದ ನೀರು ಕುಡಿಯುವುದಿಲ್ಲ. ನೀರು ಕುಡಿದು, ಚೀಲ ತೊಡೆಯ ಮೇಲಿಟ್ಟುಕೊಂಡು, ಅದರ ಬಾಯಿ ಬಿಚ್ಚಿ ತೋರಿಸಿದಳು. ಒಂದು ಕುಲಾಯಿ, ಬೆಳ್ಳಿಯ ಕಾಲ್ಗೆಜ್ಜೆ, ಡಬ್ಬಿಯಲ್ಲಿ ಲಾಡು.

“ಕೊರೋಚಿಗೆ ಹೊಂಟೇನಿ. ಅರಿಹಂತನ ಮಗಳನ್ನ ಇವತ್ತ ಹನ್ನೊಂದೂವರಿಗೆ ತೊಟ್ಲದಾಗ ಹಾಕ್ತಾರ. ಅರಿಹಂತಗ ಅಕ್ಕ-ತಂಗೀರಿಲ್ಲ. ಕೂಸಿನ ಕಿವ್ಯಾಗ ಹೆಸರ ಹೇಳಾಕ ಆತ್ಯಾ ಬೇಕಲಾ, ನೀನ ಬಾ ಅಂತ ಹುಡುಗ ಫೋನ್ ಮಾಡಿದ್ದ.”

ನಮ್ಮ ಕಡೆ ಕೂಸಿಗೆ ಹೆಸರಿಡುವುದು ತಂದೆಯ ಅಕ್ಕ ಅಥವಾ ತಂಗಿ, ಅವಳನ್ನೇ ಆತ್ಯಾ ಅನ್ನುವುದು. ಅಂಥವರಿಲ್ಲದಿದ್ದರೆ ಆ ಹಕ್ಕು ಹಿಂದಿನ ತಲೆಮಾರಿನ ಹೆಣ್ಣುಮಗಳದು. ಅರಿಹಂತ ಮಾವಶಿಯ ಅಣ್ಣ ಕಾಕಾಸಾಹೇಬರ ಒಬ್ಬನೇ ಮಗ.

“ಮತ್ತ ಇಲ್ಲ್ಯಾಕ ಬಂದಿ? ತಡಾ ಆಗೂದಿಲ್ಲ?” ಎಂದೆ.

“ಹುಡುಗ ಕರದಾನ. ನಮ್ಮಣ್ಣ, ಅಂವ ಕರದಿಲ್ಲ.” ಚೀಲದ ಬಾಯಿ ಕಟ್ಟಿದಳು, ಮತ್ತೆ ಬಿಚ್ಚಿದಳು. “ಹೋಗ್ಲೋ ಬ್ಯಾಡೋ, ಅಷ್ಟ ನೋಡಿ ಹೇಳು. ನಿನ್ನ ಕಾರ್ಡು ಸುಳ್ಳ ಹೇಳೂದಿಲ್ಲ ಅಂತಾಳ ನಿಮ್ಮವ್ವ.”

ಒಂಬತ್ತು ವರ್ಷದ ಹಿಂದೆ ಆ ಅಣ್ಣ-ತಂಗಿಯರ ತಾಯಿ ತೀರಿಕೊಂಡಾಗ ಮಾವಶಿಯ ಬಸ್ಸು ನಡುದಾರಿಯಲ್ಲಿ ಕೆಟ್ಟು ನಿಂತಿತ್ತು. ಜೈನರಲ್ಲಿ ಹೊತ್ತು ಮುಳುಗುವುದರೊಳಗೆ ದಹನವಾಗಬೇಕು. ಕಾಕಾಸಾಹೇಬರು ಕಾಯುವಷ್ಟು ಕಾಯ್ದು ಚಿತೆಗೆ ಬೆಂಕಿ ಕೊಟ್ಟಿದ್ದರು. ಸಂಜೆ ಏಳು ಗಂಟೆಗೆ ಬಂದ ಮಾವಶಿ ಬೂದಿ ನೋಡಿ, ಬಾಗಿಲಲ್ಲಿ ನಿಂತು, ಊರ ಮುಂದೆ “ನನಗ ಅಣ್ಣ ಇಲ್ಲ” ಎಂದಿದ್ದಳು. “ಹಂಗಾದ್ರ ಈ ಹೊಸ್ತಲಾ ತುಳೀಬ್ಯಾಡ” ಎಂದಿದ್ದರು ಅವರು. ಅಂದಿನಿಂದ ಆ ಮನೆಗೆ ಅವಳು ಹೋಗಿರಲಿಲ್ಲ.

ಕಾರ್ಡು ಹಾಕಿದೆ. ಮೊದಲನೆಯದು ಬಟ್ಟಲಿನ ಆರು: ಹಳೆಯ ಅಂಗಳ, ಒಬ್ಬ ಹುಡುಗ ಹುಡುಗಿಯೊಬ್ಬಳಿಗೆ ಹೂ ತುಂಬಿದ ಬಟ್ಟಲು ಕೊಡುತ್ತಿದ್ದಾನೆ. ನಡುವಿನದು ಖಡ್ಗದ ನಾಲ್ಕು: ಕೈಮುಗಿದು ಅಂಗಾತ ಮಲಗಿದ ಯೋಧ. ಮೂರನೆಯದು ಕೈಯಲ್ಲಿ ಬಟ್ಟಲು ಹಿಡಿದು ಮೆಲ್ಲಗೆ ಬರುತ್ತಿರುವ ಕುದುರೆ ಸವಾರ.

“ಈಂವ ಯಾಕ ಹಿಂಗ ಮಲ್ಗ್ಯಾನ?” ನಡುವಿನ ಚಿತ್ರದ ಮೇಲೆ ಬೆರಳಿಟ್ಟಳು.

“ದಣದಾನ. ವಿಶ್ರಾಂತಿ ತಗೊಳಾಕತ್ತಾನ. ತಡಿ, ಅವಸರ ಮಾಡಬ್ಯಾಡ ಅಂತ ಅದರ ಅರ್ಥ.”

ಪುಸ್ತಕದಲ್ಲಿ ಹಾಗೇ ಇದೆ. ಆ ಯೋಧ ಮಲಗಿರುವುದು ಗೋರಿಯ ಮೇಲೆ, ಅದು ಕಲ್ಲಿನ ಮೂರ್ತಿ ಎಂಬುದನ್ನು ನಾನು ಹೇಳಲಿಲ್ಲ. ಕಾರ್ಡಿಗೆ ಮುಂದಿನದು ಗೊತ್ತಿತ್ತು ಎಂದು ನಾನು ಈಗಲೂ ನಂಬುವುದಿಲ್ಲ. ನನ್ನ ತಪ್ಪು ಅಲ್ಲಿಯದಲ್ಲ.

“ನಿಮ್ಮಣ್ಣಗ ನಿನ್ನ ಮ್ಯಾಲೆ ಮಾಯಾ-ಮಮತಾ ಐತಿ ಮಾವಶಿ” ಎಂದೆ. “ಖರೆ ಸ್ವಲ್ಪ ತಡೀಬೇಕು ಅನಸ್ತೈತಿ. ಈ ಕಡೇದ್ದ ನೋಡು, ಬಟ್ಟಲಾ ಹಿಡದ ಬರಾಕತ್ತಾನ. ಕರಿಯಾಕ ಬರಾವ ಇಂವ.”

ಇಷ್ಟಕ್ಕೆ ನಿಲ್ಲಿಸಿದ್ದರೆ ಅವಳೇ ಏನಾದರೊಂದು ತೀರ್ಮಾನ ಮಾಡುತ್ತಿದ್ದಳು. ಸೀರೆ ಉಟ್ಟು ಬಂದವಳು, ಚೀಲ ಕಟ್ಟಿ ತಂದವಳು, ಬಹುಶಃ ಎದ್ದು ಕೊರೋಚಿಗೇ ಹೋಗುತ್ತಿದ್ದಳು. ಆದರೆ ನನ್ನ ಪೆನ್ನು ಏಳನೆಯ ಕಾಲಂ ಮೇಲೆ ನಿಂತಿತ್ತು. ‘ಸ್ವಲ್ಪ ತಡೀಬೇಕು’ ಎಂಬುದನ್ನು ಅಲ್ಲಿ ಬರೆಯಲು ಬರುವುದಿಲ್ಲ. ಹನ್ನೊಂದು ದಿನಕ್ಕೆ ಭಾವುಬೀಜವಿತ್ತು, ತಂಗಿ ಅಣ್ಣನಿಗೆ ಆರತಿ ಎತ್ತುವ ಹಬ್ಬ.

“ಭಾವುಬೀಜದೊಳಗ ಅಂವನ ನಿನ್ನ ಕರೀತಾನ. ಅಲ್ಲೀತನಕ ನೀ ಹೋಗಬ್ಯಾಡ” ಎಂದೆ.

ಮಾವಶಿ ಸ್ವಲ್ಪ ಹೊತ್ತು ಆ ಸವಾರನನ್ನೇ ನೋಡಿದಳು. “ಅಂವನ ಕರೀತಾನ?”

“ಹೂಂ.”

“ಹಂಗಾದ್ರ ಛಲೋನ ಆತಲಾ. ಇವತ್ತ ಕರೀದ ಹೋಗಿ ಬಾಗಲದಾಗ ನಿಂತ್ರ ಮತ್ತ ಏನ ಅಂತಾನೋ ಅಂವ.” ಅವಳ ಮುಖದಲ್ಲಿ ಸಮಾಧಾನವೂ ಇತ್ತು, ಹೆದರಿದ್ದ ಕೆಲಸ ತಪ್ಪಿದಾಗ ಆಗುವಂಥದ್ದು. ಅಲ್ಲೇ ಕುಳಿತು ಅರಿಹಂತನಿಗೆ ಫೋನು ಮಾಡಿ, ಜ್ವರ ಬಂದಿದೆ ಎಂದಳು. ನಾನು ಏಳನೆಯ ಕಾಲಂನಲ್ಲಿ ‘23 ಅಕ್ಟೋಬರ್’ ಎಂದು ಬರೆದೆ.

ಸ್ಕೂಟರಿನಲ್ಲಿ ಅವಳನ್ನು ಬಸ್ ಸ್ಟ್ಯಾಂಡಿಗೆ ಬಿಟ್ಟೆ. ನಮ್ಮ ಗಲ್ಲಿಯ ತುದಿಯಲ್ಲಿ ಕೊರೋಚಿಯ ದಾರಿ ಎಡಕ್ಕೆ, ಸ್ಟ್ಯಾಂಡು ಬಲಕ್ಕೆ. ನಾನು ಬಲಕ್ಕೆ ತಿರುಗಿದೆ.

ಕಾಕಾಸಾಹೇಬರು ಮುಂದಿನ ಭಾನುವಾರ, ಅಕ್ಟೋಬರ್ 19ರ ಬೆಳಗಿನ ಜಾವ ಎದೆನೋವಿನಿಂದ ತೀರಿಕೊಂಡರು. ಈ ಸಲ ಮನೆಯವರು ಮಾವಶಿಗಾಗಿ ಕಾಯ್ದರು. ಅವಳು ಹನ್ನೆರಡಕ್ಕೇ ಮುಟ್ಟಿದಳು, ನಾಲ್ಕು ಗಂಟೆಗೆ ದಹನವಾಯಿತು. ಮರುದಿನ ನನಗೆ ಫೋನು ಮಾಡಿದಳು.

“ಕೊರೋಚಿಂದ ಕರದ್ರು ನೋಡವಾ. ನೀ ಹೇಳಿದಂಗ ಹಬ್ಬದೊಳಗ.”

ಚುಚ್ಚಿ ಹೇಳಿದ್ದಲ್ಲ. ಆಗಿದ್ದನ್ನು ಹೇಳುವ ದನಿಯೇ ಇತ್ತು.

ಇಪ್ಪತ್ಮೂರನೆಯ ತಾರೀಖು ನೋಟುಬುಕ್ಕು ತೆರೆದೆ. ಎಂಟನೆಯ ಕಾಲಂ ತುಂಬಬೇಕಿತ್ತು. ಈ ಮಾತನ್ನು ಬರೆಯಲು ನನಗೆ ನಾಚಿಕೆಯಾಗುತ್ತದೆ, ಆದರೆ ನಡೆದದ್ದು ಹೀಗೆ: ಒಂದೆರಡು ನಿಮಿಷ ನಾನು ಇದನ್ನು ಸರಿ ಎಂದು ಬರೆಯಬಹುದೇ ಎಂದು ಯೋಚಿಸಿದೆ. ಕರೆ ಬಂದಿತ್ತಲ್ಲ, ಗಡುವಿನೊಳಗೆ. ಆಮೇಲೆ ‘ತಪ್ಪು’ ಎಂದು ಬರೆದೆ. ನೂರಕ್ಕೆ ಎಪ್ಪತ್ತು. ನನ್ನ ನಿಯಮದ ಪ್ರಕಾರ ನಾನು ತಯಾರಾಗಿದ್ದೆ. ಬೋರ್ಡನ್ನು ನಿಖಿಲ ಹಿಂದಿನ ದಿನವೇ ಗೇಟಿಗೆ ಹಾಕಿದ್ದ.

ನವೆಂಬರ್ 3ರಂದು ಅರಿಹಂತ ಲ್ಯಾಬಿಗೆ ಬಂದ. ಕೊರೋಚಿಯಲ್ಲಿ ಅವನ ಮಗ್ಗಗಳಿವೆ, ಹೊಸ ನೂಲು ಬಂದಾಗಲೆಲ್ಲ ಅದನ್ನು ಸುತ್ತಿದ ಕೋನು ತಂದು ಪರೀಕ್ಷೆ ಮಾಡಿಸುತ್ತಾನೆ.

“ಇವತ್ತ ರಿಪೋರ್ಟ್ ಕೊಡ್ರಿ ವೈನಿ, ಮಗ್ಗದ ಬೀಮ್ ಖಾಲಿ ಕುಂತಾವ” ಎಂದ.

“ನಾಳೆ ಬಾ. ಗೊತ್ತಿಲ್ಲೇನ ನಿನಗ?”

ಹೊರಗಿನಿಂದ ಬಂದ ನೂಲನ್ನು ನಾವು ಆ ಕೂಡಲೇ ಎಳೆದು ನೋಡುವುದಿಲ್ಲ. 27 ಡಿಗ್ರಿ, 65 ಶೇಕಡಾ ತೇವದ ಕೋಣೆಯಲ್ಲಿ ಇಡೀ ಒಂದು ದಿನ ಇಡುತ್ತೇವೆ. ದಾರಿಯ ಬಿಸಿಲು, ಗೋದಾಮಿನ ಥಂಡಿ ಎಲ್ಲ ಇಳಿದು ನೂಲು ತನ್ನ ಸ್ಥಿತಿಗೆ ಬರಬೇಕು. ಇಲ್ಲದಿದ್ದರೆ ಬರುವ ಅಂಕಿ ನೂಲಿನದಲ್ಲ, ದಾರಿಯದು.

“ನಿಮ್ಮ ಲ್ಯಾಬಿನ್ಯಾಗ ನೂಲಿಗೆ ಇರೂ ರೆಸ್ಟ್ ನಮ್ಮ ಮನ್ಯಾಗ ಮನಷ್ಯಾರಿಗೆ ಇಲ್ಲ ನೋಡ್ರಿ” ಎಂದು ನಕ್ಕ. ನಗು ಪೂರ್ತಿ ಬರಲಿಲ್ಲ. ಕುರ್ಚಿಯಲ್ಲಿ ಕುಳಿತು ತಾನೇ ಹೇಳತೊಡಗಿದ.

“ಅಪ್ಪಾ ತೊಟ್ಲ ದಿನಾ ಏನ ಮಾಡಿದಾ ಗೊತ್ತೇನ್ರಿ? ಆತ್ಯಾಗ ಜ್ವರ ಬಂದಾವ ಅಂತ ನಾ ಹೇಳಿದ್ರೂ ಕೇಳಲಿಲ್ಲ. ಬರ್ತಾಳ ತಡೀರಿ, ಆಕಿ ಹಟಮಾರಿ, ಜ್ವರಾ ಗಿರಾ ಲೆಕ್ಕಕ್ಕಿಲ್ಲ ಆಕಿಗೆ ಅಂದಾ. ಬಾಗಲದಾಗ ಕುರ್ಚಿ ಹಾಕ್ಕೊಂಡ ಕುಂತಾ. ಗಂಟೆ ಒಂದಾತು. ಮಂದಿ ಎಲ್ಲಾ ಹಸದ ಕುಂತಿದ್ರು. ಕಡೀಕ ಬಾಜೂ ಮನಿ ಬಾಳಕ್ಕ ಹೆಸರ ಹೇಳಿದ್ಲು.”

“ನಿಮ್ಮಪ್ಪನ ಆಕಿಗೆ ಫೋನ್ ಮಾಡಬಹುದಿತ್ತಲಾ?”

“ನಾನೂ ಅದನ್ನ ಕೇಳ್ದೆ. ನಾ ಮಾಡಿದ್ರ ಆಕಿ ಬರಾಂಗಿಲ್ಲ, ನೀ ಕರದಿ ಅಂದ್ರ ಬರ್ತಾಳ ಅಂದಾ.”

ಅವನ ಆತ್ಯಾ ಆ ದಿನ ನನ್ನ ಮನೆಯವರೆಗೆ ಬಂದಿದ್ದಳು ಎಂದು ಅವನಿಗೆ ಗೊತ್ತಿರಲಿಲ್ಲ. ನಾನು ಹೇಳಲಿಲ್ಲ. ಕೋನುಗಳನ್ನು ಒಳಗಿಟ್ಟು ಬಾಗಿಲು ಹಾಕಿ, ತೇವ ತೋರಿಸುವ ಮುಳ್ಳು ನೋಡುತ್ತ ನಿಂತೆ. ಹತ್ತಿಯ ಎಳೆಗೆ ಕೊಡುವ ವೇಳೆಯನ್ನು ಮಾವಶಿಗೆ ಕೊಟ್ಟಿರಲಿಲ್ಲ. ಬಸ್ಸಿನಿಂದ ಇಳಿದವಳನ್ನು ಹಾಗೇ ಎಳೆದು ನೋಡಿದ್ದೆ. ಆಗಲೇ ಆ ಮೂರನೆಯ ಕಾರ್ಡು ನೆನಪಾಯಿತು. ಬಟ್ಟಲು ಹಿಡಿದು ಮೆಲ್ಲಗೆ ಬರುತ್ತಿದ್ದ ಸವಾರ. ಅವನನ್ನು ಕಾಕಾಸಾಹೇಬರು ಎಂದು ಓದಿದ್ದೆ. ತೊಡೆಯ ಮೇಲೆ ಚೀಲವಿಟ್ಟುಕೊಂಡು, ಅದರಲ್ಲಿ ಕಾಲ್ಗೆಜ್ಜೆ ಇಟ್ಟುಕೊಂಡು, ಎರಡು ಬಸ್ಸು ಬದಲಿಸಿ ಬಂದವಳು ನನ್ನ ಎದುರಿಗೇ ಕುಳಿತಿದ್ದಳು.

ಅದರ ಮುಂದಿನ ಭಾನುವಾರ ಕೊಲ್ಹಾಪುರಕ್ಕೆ ಹೋದೆ. ವಂದನಾ ಮೇಡಂ ಬಾಲ್ಕನಿಯಲ್ಲಿ ಕುಳಿತು ಮೆಂತ್ಯೆ ಸೊಪ್ಪು ಬಿಡಿಸುತ್ತಿದ್ದರು. ನೋಟುಬುಕ್ಕು ತೆಗೆದು ನೂರನೆಯ ಸಾಲು ತೋರಿಸಿ ಎಲ್ಲ ಹೇಳಿದೆ. ಅವರು ಏಳನೆಯ ಕಾಲಂ ನೋಡಿದರು.

“ಈ ತಾರೀಖು ಯಾವ ಕಾರ್ಡಿನ್ಯಾಗ ಇತ್ತು?”

“ಯಾವುದ್ರಾಗೂ ಇರಲಿಲ್ರಿ. ನಾನ ಹಾಕಿದ್ದು.”

“ಇದನ್ನ ಆಕಿಗೆ ಹೇಳಿದ್ಯಾ?”

“ಇಲ್ರಿ.”

“ಮತ್ತ ನನ್ನ ಮುಂದ ಯಾಕ ಹೇಳಾಕತ್ತಿ?” ಎಂದು ಸೊಪ್ಪಿನ ಕಡೆ ತಿರುಗಿದರು. ಕೈಯಲ್ಲಿದ್ದ ಕಟ್ಟು ಬಿಡಿಸಿ ಮುಗಿಸಿ, “ಊಟಾ ಮಾಡಿ ಹೋಗು” ಎಂದರು. ಬೈದಿದ್ದರೆ ಹಗುರವಾಗುತ್ತಿತ್ತೇನೋ.

ಗಡಹಿಂಗ್ಲಜಕ್ಕೆ ಹೋಗಬೇಕೆಂದು ವಾರವಿಡೀ ಅಂದುಕೊಂಡೆ. ಅಷ್ಟರಲ್ಲಿ ನವೆಂಬರ್ 16ರ ಭಾನುವಾರ ಮಾವಶಿಯೇ ಬಂದಳು. ಅದೇ ಚೀಲ. ಗೇಟಿನಲ್ಲಿ ನಿಂತು ಬೋರ್ಡು ಓದಿ, ಸೆರಗಿನಿಂದ ಅದರ ಧೂಳು ಒರೆಸಿದಳು.

“ದೊಡ್ಡ ಮಂದಿ ಆದಿ ನೋಡ, ನೂತಿ. ಬೋರ್ಡ್ ಹಾಕೀದಿ.” ಕುಳಿತು ಒಂದು ಲಕೋಟೆ ಟೇಬಲ್ ಮೇಲಿಟ್ಟಳು. “ಈ ಸಲ ಪುಕ್ಕಟೆ ಬ್ಯಾಡ. ನಿನ್ನ ಪೈಲಾ ಬೋಣಿಗಿ ನನ್ನದ ಆಗ್ಲಿ. ಒಂದ ನೋಡಿ ಹೇಳು. ಅಂವ ಹೋಗೂ ಮುಂದ ನನ್ನ ಮ್ಯಾಲೆ ಸಿಟ್ಟ ಇಟ್ಕೊಂಡ ಹೋದ್ನೇನ?”

ಕಾರ್ಡಿನ ಕಟ್ಟು ಅಲ್ಲೇ ಇತ್ತು. ಹಾಕಿದ್ದರೆ ಯಾವ ಮೂರು ಬಂದಿದ್ದರೂ ಸಮಾಧಾನ ಹೇಳಲು ನನಗೆ ಬರುತ್ತಿತ್ತು, ಅವಳೂ ನಂಬುತ್ತಿದ್ದಳು. ನಾನು ಕಟ್ಟು ಮುಟ್ಟಲಿಲ್ಲ.

“ಅದಕ್ಕ ಕಾರ್ಡ್ ಬ್ಯಾಡ ಮಾವಶಿ. ಸಿಟ್ಟ ಇರಲಿಲ್ಲ. ಅರಿಹಂತನ ಹೇಳ್ಯಾನ. ತೊಟ್ಲ ದಿನಾ ಒಂದ ಗಂಟೇತನಕ ಬಾಗಲದಾಗ ಕುರ್ಚಿ ಹಾಕ್ಕೊಂಡ ನಿನ್ನ ದಾರಿ ನೋಡ್ಯಾರ. ಜ್ವರಾ ಅಂದ್ರೂ ನಂಬಿಲ್ಲ. ಆಕಿ ಬರ್ತಾಳ ಅಂದಾರ.”

ಅವಳು ಚೀಲವನ್ನು ತೊಡೆಯ ಮೇಲೆ ಎಳೆದುಕೊಂಡಳು. ನಾನು ಅಲ್ಲಿಗೇ ನಿಲ್ಲಿಸಬಹುದಿತ್ತು. ಅಲ್ಲಿಗೆ ನಿಲ್ಲಿಸಿದರೆ ಅದು ಅರ್ಧ ಮಾತು.

“ಇನ್ನೊಂದೈತಿ. ಭಾವುಬೀಜ ಅಂತ ಕಾರ್ಡ್ ಹೇಳಿರಲಿಲ್ಲ. ಹೋಗಬ್ಯಾಡ ಅಂತನೂ ಹೇಳಿರಲಿಲ್ಲ. ಅವೆರಡೂ ನಾನ ಸೇರಿಸಿದ್ದು. ನನ್ನ ಬುಕ್ಕಿನ್ಯಾಗ ಒಂದ ತಾರೀಖು ಬೇಕಾಗಿತ್ತು.” ಪುಟ ತೆರೆದು ತೋರಿಸಿದೆ.

ಮಾವಶಿ ಕನ್ನಡಕ ಹಾಕಿಕೊಂಡು ಆ ಸಾಲನ್ನು ಎಡದಿಂದ ಬಲಕ್ಕೆ ಓದಿದಳು. ಅವಳಿಗೆ ಕನ್ನಡ ಓದಲು ನಿಧಾನ. ಕೊನೆಯ ಕಾಲಂ ಮುಟ್ಟಿದಾಗ ಕೇಳಿದಳು:

“ಇಲ್ಲಿ ತಪ್ಪು ಅಂತ ಬರದೀಯಲಾ. ಯಾರ ತಪ್ಪು?”

“ನಂದು.”

“ಹಂಗಾದ್ರ ಅವತ್ತ ನಾ ಹೋಗಬಹುದಿತ್ತು.”

“ಹೂಂ ಮಾವಶಿ.”

ಅತ್ತರೆ ಹಿಡಿದುಕೊಳ್ಳೋಣ ಎಂದು ಎದ್ದೆ. ಅವಳು ಅಳಲಿಲ್ಲ. ಕನ್ನಡಕ ಮಡಚಿ ಇಟ್ಟು, ಲಕೋಟೆಯನ್ನು ತಿರುಗಿ ಚೀಲಕ್ಕೆ ಹಾಕಿಕೊಂಡಳು. “ನೀ ಸಣ್ಣಾಕಿದ್ದಾಗ ನಮ್ಮ ಅಂಗಳದಾಗ ಅಳತಿ ಪಟ್ಟಿ ಹಿಡದ ಗಿಡಾ ಅಳೀತಿದ್ದಿ” ಎಂದಳು. “ದಿನಾ ಕಿತ್ತ ಕಿತ್ತ ಬೇರ ನೋಡಿ ಎರಡ ಗಿಡಾ ಸತ್ತವು. ನಾ ಬೈಲಿಲ್ಲ. ಬೈಬೇಕಾಗಿತ್ತು.”

ಒಳಗಿನಿಂದ ನಿಖಿಲ ಚಹಾ ತಂದ. ಅವಳು ಕುಡಿಯಲಿಲ್ಲ. “ನನ್ನ ಕೊರೋಚಿಗೆ ಬಿಡು” ಎಂದಳು ನನಗೆ. “ಕೂಸಿನ ಕಾಲ್ಗೆಜ್ಜಿ ಇನ್ನೂ ನನ್ನ ಹಂತೇಕನ ಅದಾವ. ದಹನದ ದಿನಾ ಅದನ್ನ ಹೆಂಗ ಕೊಡೂದು ಅಂತ ತಿರಗಿ ಒಯ್ದೆ.”

ಹೊರಡುವ ಮುಂಚೆ ಬೋರ್ಡಿನ ತಂತಿ ಬಿಚ್ಚಿ ಅದನ್ನು ಗೋಡೆಯ ಕಡೆ ಮುಖ ಮಾಡಿ ಇಟ್ಟೆ. ನಿಖಿಲ ನೋಡಿದ, ಬಿಚ್ಚಿದ ತಂತಿಯನ್ನು ಎತ್ತಿಟ್ಟ. ಯಾವ ಅಳತೆಯನ್ನೂ ಹೊಸದಾಗಿ ತೆಗೆದುಕೊಳ್ಳುವುದು ಸೊನ್ನೆಯಿಂದ ಎಂಬುದು ನನ್ನ ಕೈಗೆ ಹತ್ತಿದ ರೂಢಿ. ಸ್ಕೂಟರು ಚಾಲೂ ಮಾಡುವಾಗ ಹೆಬ್ಬೆರಳು ತಾನಾಗಿಯೇ ಮೀಟರಿನ ಗುಂಡಿ ಒತ್ತಿ ಕಿಲೋಮೀಟರಿನ ಅಂಕಿಯನ್ನು ಸೊನ್ನೆಗೆ ತಂದಿತ್ತು. ಗಲ್ಲಿಯ ತುದಿಯಲ್ಲಿ ಎಡಕ್ಕೆ ತಿರುಗಿದೆ. ಮಾವಶಿ ಹಿಂದೆ ಕುಳಿತು ಒಂದು ಕೈಯಲ್ಲಿ ಚೀಲ, ಇನ್ನೊಂದರಲ್ಲಿ ಸೀಟಿನ ಹಿಡಿಕೆ ಹಿಡಿದಿದ್ದಳು. ಮೊದಲೆಲ್ಲ ನನ್ನ ಹೆಗಲು ಹಿಡಿಯುತ್ತಿದ್ದಳು. ದಾರಿಯುದ್ದಕ್ಕೂ ಮಗ್ಗಗಳ ಸದ್ದು.

ಕಾಕಾಸಾಹೇಬರ ಮನೆಯ ಬಾಗಿಲಲ್ಲಿ ಕುರ್ಚಿ ಇರಲಿಲ್ಲ. ಮಾವಶಿ ಇಳಿದು, ಸೀರೆ ಸರಿಮಾಡಿಕೊಂಡು, “ನೀ ಒಳಗ ಬರಬ್ಯಾಡ, ಹೋಗು” ಎಂದಳು. ಹೊಸ್ತಿಲ ಮುಂದೆ ಚಪ್ಪಲಿ ಬಿಟ್ಟು ಸ್ವಲ್ಪ ಹೊತ್ತು ಹಾಗೇ ನಿಂತಳು. ಆಮೇಲೆ ಬಲಗಾಲು ಮುಂದಿಟ್ಟು ಒಳಗೆ ಹೋದಳು. ಒಳಗಿನಿಂದ ಅರಿಹಂತನ ದನಿ, ಹಿಂದೆಯೇ ಕೂಸು ಅಳುವ ದನಿ ಕೇಳಿತು.

ನಾನು ಸ್ಕೂಟರು ತಿರುಗಿಸುವ ಮುಂಚೆ ಮೀಟರು ನೋಡಿದೆ. ಅಕ್ಟೋಬರ್ 12ರಂದು ನನ್ನ ಮನೆಯಿಂದ ಅವಳಿಗೆ ಉಳಿದಿದ್ದ ದಾರಿ ಇಷ್ಟೇ, 3.7 ಕಿಲೋಮೀಟರ್.